ಇಂಗ್ಲಿಷ್ ಪದಭಂಡಾರಕ್ಕೆ ಕನ್ನಡದ ಬೀಗದಕೈ

ಇಂಗ್ಲಿಷ್ ಪತ್ರಿಕೆಯನ್ನು ಕೈಗೆತ್ತಿಕೊಂಡ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಮೊದಲ ಪುಟ ಮುಗಿಯುವುದರೊಳಗೆ ಅದನ್ನು ಕೆಳಗಿಡುತ್ತಾರೆ. ಇದಕ್ಕೆ ವ್ಯಾಕರಣಕ್ಕಿಂತ ಹೆಚ್ಚಾಗಿ ಪದಗಳ ಕೊರತೆಯೇ ಕಾರಣ. ಈ ಕೊರತೆಗೆ ನಾವು ಕಂಡುಕೊಂಡಿರುವ ಮದ್ದೆಂದರೆ ಉರುಹೊಡೆಯುವುದು. ನಿಘಂಟಿನಿಂದ ದಿನಕ್ಕೆ ಹತ್ತು ಪದಗಳನ್ನು ಬರೆದುಕೊಂಡು ಬಾಯಿಪಾಠ ಮಾಡಿದರೂ ವಾರ ಕಳೆಯುವುದರೊಳಗೆ ಅವುಗಳಲ್ಲಿ ಹೆಚ್ಚಿನವು ಮರೆತುಹೋಗುತ್ತವೆ. ಬಿಡಿಕಾಳುಗಳನ್ನು ಅಂಗೈಯಲ್ಲಿ ಹಿಡಿದು ನಡೆಯುವವನ ಪಾಡೇ ಇದು. ತೆನೆಯನ್ನೇ ಹಿಡಿದು ನಡೆದರೆ ಕಾಳು ಚೆಲ್ಲುವುದಿಲ್ಲ. ಪದಗಳಿಗೂ ತೆನೆಯುಂಟು, ಅದೇ ಧಾತು. ಮನೆಯಲ್ಲಿ ಇಂಗ್ಲಿಷ್ ಮಾತನ್ನೇ ಕೇಳದೆ ಬೆಳೆದ ನಮ್ಮಂಥವರು ಈ ದಾರಿಗೆ ಅಂಜಬೇಕಾದುದಿಲ್ಲ. ಕನ್ನಡ ಬಲ್ಲವನಿಗೆ ಇದರ ಅರ್ಧಭಾಗ ಮೊದಲೇ ಪರಿಚಿತ. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾವು ಕುಡಿಯುವುದು ‘ನೀರು’, ಕಟ್ಟುವುದು ‘ಜಲಾಶಯ’. ಉರಿಯುವುದು ‘ಬೆಂಕಿ’, ಆರಿಸಲು ಬರುವುದು ‘ಅಗ್ನಿಶಾಮಕ ದಳ’. ದಿನಬಳಕೆಗೆ ಅಚ್ಚಗನ್ನಡ, ಶಾಸ್ತ್ರಕ್ಕೂ ಸರ್ಕಾರಕ್ಕೂ ಬಹುಮಟ್ಟಿಗೆ ಸಂಸ್ಕೃತ. ಸಂಸ್ಕೃತದ ಪದಗಳು ಕನ್ನಡಕ್ಕೆ ಬಂದಾಗ ತಾಳುವ ರೂಪಗಳನ್ನು ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ್ದಾನೆ. ಇಂಗ್ಲಿಷಿನ ಸಂಸಾರವೂ ಇಂಥದೇ. ನೀರು ‘ವಾಟರ್’, ನೀರಿನಲ್ಲಿ ಬಾಳುವುದು ‘ಅಕ್ವಾಟಿಕ್’. ಬೆಂಕಿ ‘ಫೈರ್’, ಹೊತ್ತಿಸುವುದು ‘ಇಗ್ನೈಟ್’. ಮೊದಲಿನವು ಮನೆಯ ಮಾತು, ಎರಡನೆಯವು ಲ್ಯಾಟಿನ್ ಮೂಲದವು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದಮೇಲೆ ಆಸ್ಥಾನದಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ನೆಲೆಯೂರಿತು. ಮುಂದೆ ವಿದ್ವಾಂಸರು ಲ್ಯಾಟಿನ್ ಮತ್ತು ಗ್ರೀಕ್ ಪದಗಳನ್ನು ಹೇರಳವಾಗಿ ತಂದರು. ಆದುದರಿಂದಲೇ ಕೇಳುವುದೊಂದಕ್ಕೆ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂದು ಮೂರು ಪದಗಳು. ಮೊದಲನೆಯದು ಮನೆಯದು, ಎರಡನೆಯದು ಫ್ರೆಂಚಿನಿಂದ ಬಂದುದು, ಮೂರನೆಯದು ಲ್ಯಾಟಿನ್‌ನಿಂದ. ದಾರಿಹೋಕನನ್ನು ಊರಿನ ಹಾದಿ ಕೇಳುವುದು ‘ಆಸ್ಕ್’. ಪೊಲೀಸರು ಆರೋಪಿಯನ್ನು ವಿಚಾರಿಸುವುದು ‘ಇಂಟರಾಗೇಟ್’. ‘ಕೇಳು’ ಮತ್ತು ‘ವಿಚಾರಣೆ ನಡೆಸು’ ಎಂಬ ಭೇದವನ್ನು ಬಲ್ಲ ನಮಗೆ ಇದು ಹೊಸತೇನೂ ಅಲ್ಲ.

ಇನ್ನು ಧಾತುಗಳ ವಿಚಾರ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸಾರಿದನು. ಈ ನಂಟು ನಮಗೆ ಎಷ್ಟು ಉಪಯುಕ್ತವೆಂಬುದನ್ನು ನೋಡಿ. ‘ದಂತ’ ಬಲ್ಲವನಿಗೆ ‘ಡೆಂಟಿಸ್ಟ್’ ಅಪರಿಚಿತನಲ್ಲ. ‘ಪಾದ’ ಬಲ್ಲವನಿಗೆ ‘ಪೆಡಲ್’ ಮತ್ತು ಕಾಲ್ನಡಿಗೆಯವನಾದ ‘ಪೆಡೆಸ್ಟ್ರಿಯನ್’ ತಿಳಿಯುತ್ತವೆ. ಸಪ್ತ, ಅಷ್ಟ, ನವ, ದಶಗಳ ಬಂಧುಗಳು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗಳಲ್ಲಿ ಅಡಗಿದ್ದಾರೆ. ರೋಮನರ ಹಳೆಯ ಪಂಚಾಂಗದಲ್ಲಿ ವರ್ಷವು ಮಾರ್ಚಿಯಿಂದ ಮೊದಲಾಗುತ್ತಿದ್ದುದರಿಂದ ಅವು ಕ್ರಮವಾಗಿ ಏಳನೆಯ, ಎಂಟನೆಯ, ಒಂಬತ್ತನೆಯ, ಹತ್ತನೆಯ ತಿಂಗಳುಗಳಾಗಿದ್ದವು.

ಒಂದು ಧಾತು ಎಷ್ಟು ಪದಗಳನ್ನು ಹೆರಬಲ್ಲದು? ‘ಸ್ಕ್ರಿಪ್ಟ್’ ಎಂದರೆ ಬರೆದುದು. ಕೈಯಿಂದ ಬರೆದುದು ‘ಮ್ಯಾನುಸ್ಕ್ರಿಪ್ಟ್’, ಕಲ್ಲಿನಲ್ಲಿ ಕೊರೆದುದು ‘ಇನ್‌ಸ್ಕ್ರಿಪ್ಷನ್’, ಕಾಗದ ಮುಗಿದಮೇಲೆ ಸೇರಿಸಿದುದು ‘ಪೋಸ್ಟ್‌ಸ್ಕ್ರಿಪ್ಟ್’, ಔಷಧ ಕೊಳ್ಳುವ ಮುನ್ನ ವೈದ್ಯರು ಬರೆದುಕೊಡುವುದು ‘ಪ್ರಿಸ್ಕ್ರಿಪ್ಷನ್’. ಗ್ರೀಕಿನ ‘ಟೆಲಿ’ ಎಂದರೆ ದೂರ. ದೂರಬರಹ ‘ಟೆಲಿಗ್ರಾಫ್’, ದೂರದನಿ ‘ಟೆಲಿಫೋನ್’, ದೂರನೋಟ ‘ಟೆಲಿವಿಷನ್’. ನಮ್ಮ ದೇಶದ ತಂತಿಸೇವೆ 2013ರಲ್ಲಿ ನಿಂತುಹೋಯಿತು. ಧಾತು ಮಾತ್ರ ಇಂದಿಗೂ ದುಡಿಯುತ್ತಿದೆ.

ಪದದ ಮುಂದೆ ಸೇರುವ ಉಪಸರ್ಗಗಳಲ್ಲಿ ಸಂಧಿಯೂ ಉಂಟೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಜಗತ್ ಮತ್ತು ನಾಥ ಸೇರಿ ಜಗನ್ನಾಥ ಆಗುವಂತೆ, ಇಲ್ಲವೆಂಬ ಅರ್ಥದ ‘ಇನ್’ ಎಂಬುದು ಮುಂದಿನ ಅಕ್ಷರಕ್ಕೆ ತಕ್ಕಂತೆ ಮಾರ್ಪಡುತ್ತದೆ. ‘ಪಾಸಿಬಲ್’ ಜೊತೆ ಸೇರಿ ‘ಇಂಪಾಸಿಬಲ್’, ‘ಲೀಗಲ್’ ಜೊತೆ ‘ಇಲ್ಲೀಗಲ್’, ‘ರೆಗ್ಯುಲರ್’ ಜೊತೆ ‘ಇರ್ರೆಗ್ಯುಲರ್’. ಕಾಗುಣಿತದಲ್ಲಿ ಎರಡು ‘ಎಲ್’, ಎರಡು ‘ಆರ್’ ಏಕೆಂಬ ಪ್ರಶ್ನೆಗೆ ಇದೇ ಉತ್ತರ. ಆ ಜಗನ್ನಾಥನೂ ಇಂಗ್ಲಿಷಿಗೆ ಹೋಗಿದ್ದಾನೆ. ಪುರಿಯ ರಥವನ್ನು ಕಂಡ ಪರದೇಶೀಯರ ಬಾಯಲ್ಲಿ ಅವನು ‘ಜಗ್ಗರ್ನಾಟ್’ ಆಗಿ, ತಡೆಯಲಾಗದ ಮಹಾಶಕ್ತಿ ಎಂಬ ಅರ್ಥ ತಾಳಿದನು. ತಮಿಳಿನ ಕಟ್ಟುಮರ ‘ಕ್ಯಾಟಮರಾನ್’ ಆಯಿತು. ಮಲಯಾಳದ ಕಯರು ‘ಕಾಯರ್’ ಆಯಿತು. ಇಂಥ ಪದಗಳನ್ನು ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ಕೂಡಿಸಿಟ್ಟರು. ಸಾಲ ತಂದುದಕ್ಕೆ ನಾಚುವ ಭಾಷೆ ಇಂಗ್ಲಿಷಲ್ಲ. ಅದರ ಸಾಲಗಾರರ ಪಟ್ಟಿಯಲ್ಲಿ ನಾವೂ ಇದ್ದೇವೆ, ಸಾಲ ಕೊಟ್ಟವರ ಪಟ್ಟಿಯಲ್ಲಿ ನಮ್ಮ ನೆರೆಹೊರೆಯವರೂ ಇದ್ದಾರೆ.

ಪ್ರತ್ಯಯಗಳು ಅರ್ಥವನ್ನು ತಿರುಗಿಸುವ ಚುಕ್ಕಾಣಿಗಳು. ‘ಜಾಣ’ಕ್ಕೆ ‘ತನ’ ಸೇರಿ ಜಾಣತನವಾಗುವಂತೆ ‘ಕೈಂಡ್’ಗೆ ‘ನೆಸ್’ ಸೇರಿ ‘ಕೈಂಡ್‌ನೆಸ್’ ಆಗುತ್ತದೆ. ನಮ್ಮನ್ನು ದಾರಿತಪ್ಪಿಸುವ ಜೋಡಿಪದಗಳ ಗುಟ್ಟೂ ಎಷ್ಟೋ ಸಲ ಪ್ರತ್ಯಯದಲ್ಲಿಯೇ ಇದೆ. ‘ಇಂಡಸ್ಟ್ರಿಯಲ್’ ಎಂದರೆ ಕೈಗಾರಿಕೆಗೆ ಸಂಬಂಧಿಸಿದ್ದು. ‘ಇಂಡಸ್ಟ್ರಿಯಸ್’ ಎಂದರೆ ಶ್ರಮಶೀಲ. ಕೆಲಸದ ಅರ್ಜಿಯಲ್ಲಿ ತಾನು ‘ಇಂಡಸ್ಟ್ರಿಯಲ್’ ಯುವಕನೆಂದು ಬರೆದುಕೊಂಡವನ ಶ್ರಮ ಓದುವವರಿಗೆ ಕಾಣದೆಯೇ ಹೋದೀತು. ‘ಎಕನಾಮಿಕ್’ ಅರ್ಥವ್ಯವಸ್ಥೆಯದು, ‘ಎಕನಾಮಿಕಲ್’ ಮಿತವ್ಯಯದ್ದು. ‘ಜುಡಿಷಿಯಲ್’ ನ್ಯಾಯಾಂಗದ್ದು, ‘ಜುಡಿಷಸ್’ ವಿವೇಕದ್ದು. ‘ಸ್ಟೇಷನರಿ’ ಎಂಬುದಂತೂ ಉಚ್ಚಾರದಲ್ಲಿ ಒಂದು, ಬರಹದಲ್ಲಿ ಎರಡು. ಕೊನೆಯಲ್ಲಿ ‘ಎ-ಆರ್-ವೈ’ ಬಂದರೆ ನಿಂತಲ್ಲೇ ನಿಂತದ್ದು. ‘ಇ-ಆರ್-ವೈ’ ಬಂದರೆ ಕಾಗದ, ಲೇಖನಿ ಮುಂತಾದ ಸಾಮಾನು. ಎರಡಕ್ಕೂ ಮೂಲ ಒಂದೇ. ಊರೂರು ಅಲೆಯದೆ ಒಂದೆಡೆ ಅಂಗಡಿಯಿಟ್ಟ ಪುಸ್ತಕ ವ್ಯಾಪಾರಿಗೆ ಹಿಂದೆ ‘ಸ್ಟೇಷನರ್’ ಎನ್ನುತ್ತಿದ್ದರು. ಅವನು ಮಾರಿದ ಸರಕೇ ‘ಸ್ಟೇಷನರಿ’. ಸ್ಟೇಷನರ್ ಎಂಬಲ್ಲಿನ ‘ಇ-ಆರ್’ ನೆನಪಿದ್ದರೆ ಕಾಗುಣಿತ ತಪ್ಪದು.

ಇಷ್ಟಾದರೂ ಧಾತುವನ್ನು ಕುರುಡಾಗಿ ನಂಬಲಾಗದು. ‘ಎಣ್ಣೆ’ ಎಂಬುದು ಎಳ್ಳು ಮತ್ತು ‘ನೆಯ್’ ಸೇರಿ ಆದ ಪದ, ‘ತೈಲ’ ಹುಟ್ಟಿದ್ದು ‘ತಿಲ’ದಿಂದ, ‘ಆಯಿಲ್’ ಹುಟ್ಟಿದ್ದು ಆಲಿವ್ ಕಾಯಿಯಿಂದ. ಆದರೆ ಸೀಮೆಎಣ್ಣೆಯಲ್ಲಿ ಎಳ್ಳನ್ನು ಹುಡುಕುವವರುಂಟೆ? ‘ಇನ್‌ವ್ಯಾಲ್ಯೂಅಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ದ ಹಾಗೆಯೇ. ಧಾತು ಪದದ ಹುಟ್ಟನ್ನು ತಿಳಿಸುತ್ತದೆ. ಇಂದಿನ ಬಾಳನ್ನು ತಿಳಿಸುವುದು ಬಳಕೆ. ಊಹೆ ಮಾಡಿದಮೇಲೆ ನಿಘಂಟನ್ನು ತೆರೆದು ನೋಡುವುದು ಅವಶ್ಯ.

ಆದಕಾರಣ ಮಿತ್ರರಲ್ಲಿ ನನ್ನ ಸೂಚನೆ ಇಷ್ಟೇ. ಟಿಪ್ಪಣಿ ಪುಸ್ತಕದಲ್ಲಿ ಅಕಾರಾದಿಯಾಗಿ ಪದ ಬರೆಯುವುದನ್ನು ಬಿಟ್ಟು, ಪುಟಕ್ಕೊಂದು ಧಾತುವನ್ನು ಬರೆಯಿರಿ. ಓದುವಾಗ ಸಿಕ್ಕ ಅದರ ಬಳಗವನ್ನು ಅದರ ಕೆಳಗೆ ಸೇರಿಸಿರಿ. ಪ್ರತಿ ಪದಕ್ಕೂ ಸ್ವಂತದ್ದೊಂದು ವಾಕ್ಯವಿರಲಿ. ಪಕ್ಕದಲ್ಲಿ ಅದೇ ಬಗೆಯ ಕನ್ನಡ ಪದವಿರಲಿ. ವರ್ಷಕ್ಕೆ ಐವತ್ತು ಪುಟ ತುಂಬಿದರೂ ನೂರಾರು ಪದಗಳು ನಿಮ್ಮವಾದವು. ಕನ್ನಡದಲ್ಲಿ ಓದಿ ಬಂದೆವೆಂಬುದು ಇಂಗ್ಲಿಷ್ ಕಲಿಕೆಗೆ ಅಡ್ಡಿಯೆಂದು ಭಾವಿಸಿ ಹಿಂದಿನ ಬೆಂಚಿನಲ್ಲಿ ಕೂರುವುದು ಬೇಡ. ಆ ಓದೇ ನಮ್ಮ ಕೈಯಲ್ಲಿರುವ ಬಂಡವಾಳ.