ಪೆಟ್ರೋಲ್ ಬಂಕ್‌ಗಳಲ್ಲಿ ವಿದ್ಯುತ್ ಜೋಡಣೆ

ಪೆಟ್ರೋಲ್ ಬಂಕ್, ಇಂಧನ ಸಂಗ್ರಹಾಗಾರ ಮುಂತಾದ ದಹನಶೀಲ ಆವಿ ಸೇರುವ ಸ್ಥಳಗಳಲ್ಲಿ ತಂತಿ, ಸ್ವಿಚ್, ದೀಪ ಮತ್ತು ಮೋಟಾರುಗಳನ್ನು ಅಳವಡಿಸುವಾಗ ಸಾಮಾನ್ಯ ಕಟ್ಟಡಗಳ ನಿಯಮಗಳ ಜೊತೆಗೆ ವಿಶೇಷ ನಿಯಮಗಳನ್ನೂ ಪಾಲಿಸಬೇಕಾಗುತ್ತದೆ. ಉಪಕರಣದ ಕಿಡಿಯಾಗಲಿ ಅದರ ಬಿಸಿ ಮೇಲ್ಮೈಯಾಗಲಿ ಹೊರಗಿನ ಆವಿಗೆ ಬೆಂಕಿ ತಗುಲಿಸದಂತೆ ತಡೆಯುವುದು ಈ ನಿಯಮಗಳ ಉದ್ದೇಶ. ಭಾರತದಲ್ಲಿ ಇವು 1934ರ ಪೆಟ್ರೋಲಿಯಂ ಅಧಿನಿಯಮ ಮತ್ತು ಅದರಡಿ ರಚಿತವಾದ 2002ರ ಪೆಟ್ರೋಲಿಯಂ ನಿಯಮಗಳ ವ್ಯಾಪ್ತಿಗೆ ಬರುತ್ತವೆ.

ಆವಿಯ ಸ್ವಭಾವ

ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್, ಅಂದರೆ ಹೊತ್ತಿಕೊಳ್ಳಲು ಸಾಲುವಷ್ಟು ಆವಿ ಹೊರಬರುವ ಕನಿಷ್ಠ ಉಷ್ಣತೆ, ಸುಮಾರು −40 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಕರ್ನಾಟಕದ ಚಳಿಗಾಲದ ಮುಂಜಾನೆಯಲ್ಲಿಯೂ ಅದು ಅಪಾಯಕಾರಿಯೇ. ಗಾಳಿಯಲ್ಲಿ ಆವಿಯ ಪ್ರಮಾಣ ಸುಮಾರು 1.4ರಿಂದ 7.6 ಶೇಕಡಾ ಇದ್ದಾಗ ಮಿಶ್ರಣವು ಹೊತ್ತಿಕೊಳ್ಳಬಲ್ಲದು. ಇದಕ್ಕೆ ಒಂದು ಮಿಲಿಜೂಲ್‌ಗಿಂತಲೂ ಕಡಿಮೆ ಶಕ್ತಿಯ ಕಿಡಿ ಸಾಕು.

ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರುವ ಬದಲು ನೆಲಕ್ಕೆ ಅಂಟಿಕೊಂಡು ಹರಿದು ಗುಂಡಿ, ಚರಂಡಿ ಮತ್ತು ಕೇಬಲ್ ಕಾಲುವೆಗಳಲ್ಲಿ ತುಂಬಿಕೊಳ್ಳುತ್ತದೆ. ತಂತಿಜೋಡಣೆಯ ಬಹುಪಾಲು ನಿಯಮಗಳು ಈ ಗುಣದಿಂದಲೇ ಹುಟ್ಟಿವೆ.

ಅಪಾಯದ ವಲಯಗಳು

ಆವಿ ಇರುವ ಸಂಭವವನ್ನು ಅನುಸರಿಸಿ ಸ್ಥಳವನ್ನು ಮೂರು ವಲಯಗಳಾಗಿ ವಿಂಗಡಿಸಲಾಗುತ್ತದೆ. ಆವಿಯು ಸದಾ ಅಥವಾ ದೀರ್ಘಕಾಲ ಇರುವ ಸ್ಥಳ, ಉದಾಹರಣೆಗೆ ಭೂಗತ ಟ್ಯಾಂಕಿನ ಒಳಭಾಗ, ವಲಯ 0. ಸಾಮಾನ್ಯ ಬಳಕೆಯಲ್ಲೇ ಆಗಾಗ ಆವಿ ಸೇರಬಹುದಾದ ಸ್ಥಳ ವಲಯ 1. ಪಂಪಿನ ಕೆಳಗಿನ ಗುಂಡಿ ಈ ಬಗೆಯದು. ಏನಾದರೂ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಆವಿ ಇರಬಹುದಾದದ್ದು ವಲಯ 2.

ವಲಯದ ಆಕಾರ ಹಲವರನ್ನು ಬೆರಗುಗೊಳಿಸುತ್ತದೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಪ್ರಕಾರ ಪಂಪಿನ ಸುತ್ತ ಸುಮಾರು 6 ಮೀಟರ್ ದೂರದವರೆಗೆ ಹರಡುವ ವಲಯದ ಎತ್ತರ ನೆಲದಿಂದ 45 ಸೆಂಟಿಮೀಟರ್ ಮಾತ್ರ. ಭಾರವಾದ ಆವಿಯ ಹರಿವನ್ನು ಯೋಚಿಸಿದರೆ ಈ ಚಪ್ಪಟೆ ಆಕಾರ ಸಹಜವೆನಿಸುತ್ತದೆ.

ಜ್ವಾಲಾನಿರೋಧಕ ಪೆಟ್ಟಿಗೆ

ಪಂಪುಗಳಲ್ಲಿ ಕಾಣುವ ದಪ್ಪ ಲೋಹದ, ಅನೇಕ ಬೋಲ್ಟುಗಳ ಪೆಟ್ಟಿಗೆಯನ್ನು ಜ್ವಾಲಾನಿರೋಧಕ ಪೆಟ್ಟಿಗೆ ಎನ್ನುತ್ತಾರೆ. ಇದು ಆವಿ ಒಳಹೋಗದಂತೆ ಮುಚ್ಚಿದ ಪೆಟ್ಟಿಗೆ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಕಾಲಕ್ರಮದಲ್ಲಿ ಆವಿ ಒಳಹೋಗಿಯೇ ತೀರುತ್ತದೆ ಎಂದು ಭಾವಿಸಿಯೇ ಇದನ್ನು ರೂಪಿಸಲಾಗಿದೆ. ಒಳಗೆ ಕಿಡಿ ಹಾರಿ ಸ್ಫೋಟವಾದರೆ ಪೆಟ್ಟಿಗೆಯು ಆ ಒತ್ತಡವನ್ನು ತಾಳಿಕೊಳ್ಳುತ್ತದೆ. ಬಿಸಿ ಅನಿಲವು ಮುಚ್ಚಳ ಮತ್ತು ಪೆಟ್ಟಿಗೆಯ ನಡುವಿನ ಅತಿ ಕಿರಿದಾದ, ಉದ್ದವಾದ ಸಂದಿಯ ಮೂಲಕ ಹೊರಬರುವಾಗ ಲೋಹಕ್ಕೆ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಹೊರಗಿನ ಆವಿಯನ್ನು ಹೊತ್ತಿಸುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ.

ಆದಕಾರಣ ಸಣ್ಣದೆಂದು ತೋರುವ ಲೋಪಗಳೇ ಇಲ್ಲಿ ದೊಡ್ಡವು. ಒಂದು ಬೋಲ್ಟ್ ಬಿಟ್ಟುಹೋದರೆ, ಕೂಡುವ ಮೇಲ್ಮೈಯಲ್ಲಿ ಗೀರು ಬಿದ್ದರೆ ಅಥವಾ ಅದಕ್ಕೆ ಬಣ್ಣ ಬಳಿದರೆ ಸಂದಿಯ ಅಳತೆ ಕೆಡುತ್ತದೆ. ನೀರು ಬರದಿರಲೆಂದು ಮುಚ್ಚಳದ ಸಂದಿಗೆ ಯಾವುದೋ ರಬ್ಬರ್ ಸೇರಿಸುವುದೂ ತಪ್ಪು. ಹೊರನೋಟಕ್ಕೆ ಪೆಟ್ಟಿಗೆ ಮೊದಲಿನಂತೆಯೇ ಇರುತ್ತದೆ, ಆದರೆ ಅದರ ರಕ್ಷಣೆ ಹೋಗಿರುತ್ತದೆ.

ಪೆಟ್ಟಿಗೆಯ ಹೊರಮೈಯ ಬಿಸಿಗೂ ಮಿತಿಯಿದೆ. ಪೆಟ್ರೋಲಿಗೆ ಸಾಮಾನ್ಯವಾಗಿ ಟಿ3 ಉಷ್ಣತಾ ವರ್ಗದ ಉಪಕರಣ ಬೇಕು. ಅದರ ಮೇಲ್ಮೈ 200 ಡಿಗ್ರಿ ಸೆಲ್ಸಿಯಸ್ ಮೀರುವಂತಿಲ್ಲ.

ಕೇಬಲ್ ಮತ್ತು ಸ್ವಿಚ್

ಲೋಹಕವಚವಿರುವ ಕೇಬಲ್ ಬಳಸಿ, ಅದು ಪೆಟ್ಟಿಗೆಯನ್ನು ಪ್ರವೇಶಿಸುವಲ್ಲಿ ಜ್ವಾಲಾನಿರೋಧಕ ಗ್ಲ್ಯಾಂಡ್ ಹಾಕಲಾಗುತ್ತದೆ. ಬಳಸದೆ ಉಳಿದ ರಂಧ್ರಗಳನ್ನು ಪ್ರಮಾಣಿತ ಬಿರಡೆಯಿಂದಲೇ ಮುಚ್ಚಬೇಕು. ಕೇಬಲ್ ಕಾಲುವೆಗಳಲ್ಲಿ ಆವಿ ಹರಿಯದಂತೆ ಮರಳು ತುಂಬುವ ರೂಢಿಯಿದೆ. ಇಲ್ಲವಾದರೆ ಆವಿಯು ಅವುಗಳ ಮೂಲಕ ಸುರಕ್ಷಿತವೆಂದು ಭಾವಿಸಿದ ಕಚೇರಿ ಕೋಣೆಯನ್ನೇ ತಲುಪಬಹುದು. ಪಂಪಿನ ವಿದ್ಯುತ್ ಕಡಿತಗೊಳಿಸುವ ಸ್ವಿಚ್ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡನ್ನೂ ಬೇರ್ಪಡಿಸುವಂತಿರಬೇಕು, ಏಕೆಂದರೆ ದೋಷವಿದ್ದಾಗ ನ್ಯೂಟ್ರಲ್ ತಂತಿಯೂ ಕಿಡಿ ಹಾರಿಸಬಲ್ಲದು. ತುರ್ತು ಸ್ವಿಚ್ ಅನ್ನು ಪಂಪಿನಿಂದ ದೂರ, ಬೆಂಕಿ ಬಿದ್ದಾಗಲೂ ಕೈಗೆಟಕುವ ಜಾಗದಲ್ಲಿ ಇಡಲಾಗುತ್ತದೆ.

ಅಲ್ಪಶಕ್ತಿಯ ಮಂಡಲಗಳು

ಟ್ಯಾಂಕಿನೊಳಗಿನ ಇಂಧನ ಮಟ್ಟ ಅಳೆಯುವ ಸಾಧನಕ್ಕೆ ಬೇರೆ ಉಪಾಯವಿದೆ: ಮಂಡಲದ ಶಕ್ತಿಯನ್ನೇ ಕಿಡಿಯಿಂದ ಆವಿ ಹೊತ್ತದಷ್ಟು ಕಡಿಮೆ ಇಡುವುದು. ಈ ವಿಚಾರ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಂದ ಬಂದದ್ದು. 1913ರಲ್ಲಿ ವೇಲ್ಸ್‌ನ ಸೆಂಘೆನಿತ್ ಗಣಿಯ ಸ್ಫೋಟದಲ್ಲಿ 439 ಗಣಿಗಾರರು ಸತ್ತರು. ಗಂಟೆ ಬಾರಿಸುವ ಸಂಕೇತ ತಂತಿಯ ಕಿಡಿಯೇ ಕಾರಣವಿರಬಹುದೆಂಬ ಶಂಕೆ ಮೂಡಿತು. ಬ್ಯಾಟರಿಯ ಅಲ್ಪ ವೋಲ್ಟೇಜಿನ ಕಿಡಿಯೂ ಮೀಥೇನ್ ಹೊತ್ತಿಸಬಲ್ಲದೆಂದು ಆ ಕಾಲದ ಪ್ರಯೋಗಗಳು ತೋರಿಸಿದವು. ವೋಲ್ಟೇಜ್ ಕಡಿಮೆಯಿದ್ದ ಮಾತ್ರಕ್ಕೆ ತಂತಿ ಸುರಕ್ಷಿತವಲ್ಲ. ಸುರುಳಿಗಳಲ್ಲಿ ಸಂಗ್ರಹವಾದ ಶಕ್ತಿಯನ್ನೂ ಲೆಕ್ಕ ಹಾಕಬೇಕು.

ಭೂಸಂಪರ್ಕ

ಟ್ಯಾಂಕರ್ ಲಾರಿಯಿಂದ ಇಂಧನ ಇಳಿಸುವಾಗ ದ್ರವದ ಹರಿವಿನಿಂದ ಸ್ಥಿರವಿದ್ಯುತ್ತು ಉಂಟಾಗುತ್ತದೆ. ಆದ್ದರಿಂದ ಕೊಳವೆ ಜೋಡಿಸುವ ಮೊದಲೇ ಲಾರಿಗೆ ಭೂಸಂಪರ್ಕದ ತಂತಿ ಸಿಕ್ಕಿಸಿ, ಕೊಳವೆ ಕಳಚಿದ ಮೇಲೆಯೇ ಅದನ್ನು ತೆಗೆಯಬೇಕು.

ಅನುಮೋದನೆ ಮತ್ತು ದುರಸ್ತಿ

ಅಪಾಯದ ವಲಯಗಳಲ್ಲಿ ಬಳಸುವ ಉಪಕರಣಗಳಿಗೆ ನಾಗಪುರದಲ್ಲಿ ಕೇಂದ್ರಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ (ಪೆಸೊ) ಅನುಮೋದನೆ ನೀಡುತ್ತದೆ. ಈ ಅನುಮೋದನೆ ಪರೀಕ್ಷೆಗೊಳಗಾದ ವಿನ್ಯಾಸಕ್ಕೆ ಸೇರಿದ್ದು. ಪೆಟ್ಟಿಗೆಗೆ ಸ್ಥಳದಲ್ಲೇ ಹೊಸ ರಂಧ್ರ ಕೊರೆದರೆ ಅದರ ಮೇಲಿನ ಗುರುತಿನ ಫಲಕಕ್ಕೆ ಅರ್ಥವಿರುವುದಿಲ್ಲ. ದುರಸ್ತಿಗಾಗಿ ಮುಚ್ಚಳ ತೆರೆಯುವ ಮುನ್ನ ವಿದ್ಯುತ್ತನ್ನು ಸಂಪೂರ್ಣ ಕಡಿತಗೊಳಿಸಬೇಕೆಂಬ ಸೂಚನೆಯನ್ನೂ ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತಾರೆ.