ಅಟ್ಟದ ಮೇಲಿನ ಅತ್ತರಿನ ಸೀಸೆ

ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವಾಗ ಸಕಲೇಶಪುರ, ಆಲೂರು ಕಡೆಯ ಹಳೆಯ ತೋಟದ ಮನೆಗಳಲ್ಲಿ ಅಟ್ಟ ಖಾಲಿ ಮಾಡುವುದುಂಟು. ತೂತು ಬಿದ್ದ ಲಾಟೀನು, ಸೀಮೆಎಣ್ಣೆ ಡಬ್ಬ, ಗೋಲಿ ಸೋಡಾ ಬಾಟಲಿಗಳ ನಡುವೆ ಒಮ್ಮೊಮ್ಮೆ ಕಡುನೀಲಿ ಗಾಜಿನ ಪುಟ್ಟ ಸೀಸೆಯೊಂದು ಕೈಗೆ ಸಿಗುತ್ತದೆ. ನೋಡಿದರೆ ಒಳಗೆ ಏನೂ ಇಲ್ಲ, ಮೂಸಿದರೆ ಏನೋ ಇದೆ. ಸಂಜೆಯೊಳಗೆ ಅದು ಗುಜರಿಯವನ ಮೂಟೆ ಸೇರುತ್ತದೆ.

ಇಂಥ ಸೀಸೆಗಳನ್ನು ಹುಡುಕಿ, ಕೊಂಡು, ಗಾಜಿನ ಬೀರುವಿನಲ್ಲಿಟ್ಟು ಕಾಪಾಡುವವರು ಪ್ರಪಂಚದ ಎಲ್ಲೆಡೆ ಇದ್ದಾರೆ. 1988ರಲ್ಲಿ ಅಮೆರಿಕದಲ್ಲಿ ಇವರದೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು. ಅಂಚೆಚೀಟಿ, ನಾಣ್ಯ ಕೂಡಿಡುವವರಂತೆಯೇ ಇವರೂ. ಆದರೆ ನಾಣ್ಯದ ಮೇಲೆ ಇಸವಿ ಇರುತ್ತದೆ, ಸೀಸೆಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಹವ್ಯಾಸದ ಮಜಾ ಇರುವುದೂ ಅಲ್ಲಿಯೇ.

ಮಲೆನಾಡಿನ ಅಟ್ಟಕ್ಕೆ ಈ ಸೀಸೆ ಬಂದದ್ದು ಎಲ್ಲಿಂದ? ಸುಗಂಧ ಇಲ್ಲಿಗೆ ಹೊಸದಲ್ಲ. ಮದುವೆ ಮನೆಯ ಬಾಗಿಲಲ್ಲಿ ನೀಳ ಕೊರಳಿನ ಬೆಳ್ಳಿಯ ಪನ್ನೀರುದಾನಿ ಹಿಡಿದು ಬೀಗರ ಮೇಲೆ ಚಿಮುಕಿಸುವ ಪದ್ಧತಿ ಹಳೆಯದು. ಹತ್ತಿಯಲ್ಲಿ ಅದ್ದಿ ಕಿವಿಗೆ ಸಿಕ್ಕಿಸಿಕೊಳ್ಳುವ ಅತ್ತರಿಗೂ ಪುಟ್ಟ ಸೀಸೆಗಳಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮಂಜರಾಬಾದಿನ ಗುಡ್ಡಗಳಲ್ಲಿ ಇಂಗ್ಲಿಷ್ ಕಾಫಿ ತೋಟಗಾರರು ನೆಲೆಸತೊಡಗಿದರು. ಇಲ್ಲಿ ತೋಟ ಮಾಡಿದ್ದ ಆರ್. ಎಚ್. ಎಲಿಯಟ್ ಬರೆದ ಮೈಸೂರಿನ ಕಾಫಿ ಮತ್ತು ಬೇಟೆಯ ನೆನಪುಗಳ ಪುಸ್ತಕ 1894ರಲ್ಲಿ ಪ್ರಕಟವಾಯಿತು. ಸಾಹೇಬರ ಮೇಜಿನ ಮೇಲೆ ಕೊಲೋನ್, ದೊರೆಸಾನಿಯ ಕನ್ನಡಿಯ ಮುಂದೆ ಲ್ಯಾವೆಂಡರ್ ಇದ್ದಿದ್ದರೆ ಆಶ್ಚರ್ಯವಿಲ್ಲ. ಮುಂದೆ ಕಾಫಿ ಹಣ ನಮ್ಮವರ ಕೈಗೂ ಬಂತು, ಪೇಟೆಯ ಸೆಂಟೂ ಬಂತು. ಆ ಕಡುನೀಲಿ ಸೀಸೆಯ ಮೇಲೆ ಬೆಳ್ಳಿ ಬಣ್ಣದ ನಕ್ಷತ್ರಗಳಿದ್ದರೆ ಅದು ಬಹುತೇಕ ‘ಈವ್ನಿಂಗ್ ಇನ್ ಪ್ಯಾರಿಸ್’. ಫ್ರಾನ್ಸಿನ ಬೂರ್ಜ್ವಾ ಕಂಪನಿ 1928ರಲ್ಲಿ ಹೊರತಂದ ಈ ಸೆಂಟು ಭಾರತದಲ್ಲೂ ಮನೆಮಾತಾಗಿತ್ತು.

ಆದರೆ ಕಥೆ ಒಂದೇ ದಿಕ್ಕಿನದಲ್ಲ. ಸೀಸೆ ಹೊರಗಿನಿಂದ ಬಂದಿದ್ದರೂ ಅದರೊಳಗಿನದರಲ್ಲಿ ನಮ್ಮ ನೆಲದ ಪಾಲಿತ್ತು. ಮೈಸೂರು ಸೀಮೆಯ ಶ್ರೀಗಂಧದ ಕೊರಡುಗಳು ಮೊದಲು ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಮೊದಲ ಮಹಾಯುದ್ಧ ಆ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವ್ಯಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆ ಇಳಿಸುವ ವಿಧಾನ ಸಿದ್ಧಪಡಿಸಿದರು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಇಲ್ಲಿಯೇ ಗಂಧದೆಣ್ಣೆ ತೆಗೆಯಲು ಆರಂಭಿಸಿತು. ಹಾಸನ ಪಟ್ಟಣದ ‘ಗಂಧದ ಕೋಠಿ’ಯಲ್ಲಿ ಈಗ ಇರುವುದು ಕಾಲೇಜು. ಗಂಧದ ದಾಸ್ತಾನಿನ ನೆನಪು ಹೆಸರಿನಲ್ಲಷ್ಟೇ ಉಳಿದಿದೆ.

ಮೈಸೂರು ಗಂಧದೆಣ್ಣೆ ಪ್ಯಾರಿಸ್ಸಿನ ಸುಗಂಧ ತಯಾರಕರಿಗೆ ಅಚ್ಚುಮೆಚ್ಚಾಗಿತ್ತು. ಗೆರ್ಲಾನ್ ಕಂಪನಿ 1989ರಲ್ಲಿ ಹೊರತಂದ ‘ಸಂಸಾರ’ ಎಂಬ ಸೆಂಟಿನ ಜೀವಾಳವೇ ಅದಾಗಿತ್ತು. ಅತ್ತ ಕಾಡಿನಲ್ಲಿ ಕಳ್ಳರ ಗರಗಸ ನಿಲ್ಲಲಿಲ್ಲ. 1998ರಲ್ಲಿ ಶ್ರೀಗಂಧ ಅಪಾಯಕ್ಕೊಳಗಾದ ಮರಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿತು. ಮನೆಯಂಗಳದಲ್ಲಿ ಬೆಳೆದ ಗಂಧದ ಮರಕ್ಕೆ ಮನೆಯವನೇ ಒಡೆಯ ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ! ಅಷ್ಟರಲ್ಲಿ ತಯಾರಕರು ಆಸ್ಟ್ರೇಲಿಯದ ಗಂಧಕ್ಕೂ ರಾಸಾಯನಿಕ ಪರಿಮಳಕ್ಕೂ ಹೊರಳಿದ್ದರು. ಹೀಗಾಗಿ ಬಿರಡೆ ಬಿಚ್ಚದ ಹಳೆಯ ಸೀಸೆಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಇಂದಿನ ಸೀಸೆಯಲ್ಲಿ ಸಿಗದ ಮೈಸೂರಿನ ಎಣ್ಣೆ ಅದರಲ್ಲಿರಬಹುದು.

ಸೀಸೆಯ ವಯಸ್ಸು ತಿಳಿಯುವುದು ಹೇಗೆ? ಮೊದಲು ತಳ ನೋಡಬೇಕು. ಒರಟು ಗಾಯದಂಥ ಗುರುತಿದ್ದರೆ, ಗಾಜು ಊದುವವನು ಕಬ್ಬಿಣದ ಸಲಾಕೆಯಿಂದ ಅದನ್ನು ಮುರಿದು ಬಿಡಿಸಿದ್ದಾನೆ ಎಂದರ್ಥ, ಅಂದರೆ ಅದು ಕೈಕೆಲಸ. ಆಮೇಲೆ ಪಕ್ಕದ ಗೆರೆ. ಅಚ್ಚಿನ ಗೆರೆ ಕೊರಳಿನಲ್ಲೇ ನಿಂತಿದ್ದರೆ ಬಾಯನ್ನು ಕೈಯಿಂದ ತಿದ್ದಿದ್ದಾರೆ. ಬಾಯಂಚಿನವರೆಗೂ ಹರಿದಿದ್ದರೆ ಅದು ಯಂತ್ರದ್ದು. ಅಮೆರಿಕದ ಮೈಕೇಲ್ ಓವೆನ್ಸ್‌ನ ಸ್ವಯಂಚಾಲಿತ ಬಾಟಲಿ ಯಂತ್ರ ಬಂದದ್ದು 1903ರ ಸುಮಾರಿಗೆ. ಗಾಜಿನಲ್ಲಿ ಗುಳ್ಳೆ ಇದ್ದರೆ ಹಳೆಯದು ಎಂಬ ನಂಬಿಕೆಯುಂಟು. ಗುಳ್ಳೆ ಇವತ್ತೂ ಬರುತ್ತದೆ, ಬೇಕೆಂದೇ ಬರಿಸುವವರೂ ಇದ್ದಾರೆ.

ಸುಗಂಧದ ಸೀಸೆಯನ್ನು ಕಲೆಯ ಮಟ್ಟಕ್ಕೇರಿಸಿದ ರೆನೆ ಲಾಲಿಕ್ ಮೊದಲು ಒಡವೆ ಮಾಡುತ್ತಿದ್ದವನು. 1900ರ ದಶಕದ ಕೊನೆಗೆ ಫ್ರಾಂಸ್ವಾ ಕೋಟಿ ಎಂಬ ಸುಗಂಧ ವ್ಯಾಪಾರಿಗಾಗಿ ಸೀಸೆ ರೂಪಿಸತೊಡಗಿದ. ಅವನು ತೀರಿಕೊಂಡದ್ದು 1945ರಲ್ಲಿ. ಅಲ್ಲಿಯವರೆಗಿನ ಗಾಜಿನ ಮೇಲೆ ಸಾಮಾನ್ಯವಾಗಿ ‘ಆರ್. ಲಾಲಿಕ್’ ಎಂದಿರುತ್ತದೆ, ಆಮೇಲಿನದರಲ್ಲಿ ‘ಆರ್’ ಇಲ್ಲ. ಆ ಒಂದಕ್ಷರಕ್ಕೆ ಬೆಲೆ ಹೆಚ್ಚು, ಅದನ್ನು ಹೊಸದಾಗಿ ಕೊರೆದು ಮಾರುವವರೂ ಉಂಟು.

ಮಲೆನಾಡಿನಲ್ಲಿ ಸೀಸೆಗೆ ದೊಡ್ಡ ಶತ್ರು ತೇವ. ನೀರಿನ ಪಸೆ ಒಳಗೆ ಉಳಿದರೆ ಗಾಜೇ ಸವೆದು ಮಂಜಿನಂಥ ಬಿಳುಪು ಕಟ್ಟುತ್ತದೆ. ಎಷ್ಟು ತೊಳೆದರೂ ಅದು ಹೋಗದು. ಚೀಟಿಯನ್ನು ಹುಳ ತಿನ್ನುತ್ತದೆ. ಅದಕ್ಕಿಂತ ಬೇಗ ಹಾಳುಮಾಡುವುದು ಮನೆಯವರ ಅಚ್ಚುಕಟ್ಟು. ಸೋಪಿನ ನೀರಿನಲ್ಲಿ ನೆನೆಹಾಕಿದರೆ ಚೀಟಿ ಹೋಯಿತು, ಬೆಲೆಯೂ ಹೋಯಿತು. ಬೂದಿ ಹಾಕಿ ತಿಕ್ಕಿದರೆ ಚಿನ್ನದ ಗೆರೆಯೂ ಇಲ್ಲ. ಬೆಳ್ಳಿಯ ಪನ್ನೀರುದಾನಿಯ ಗತಿ ಇನ್ನೂ ಕಷ್ಟ. ಅದನ್ನು ತೂಕಕ್ಕೆ ಹಾಕಿ ಕರಗಿಸುತ್ತಾರೆ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸದಂತೆ 1972ರ ಕಾಯ್ದೆ ತಡೆಯುತ್ತದೆ. ಕುಲುಮೆಗೆ ಹಾಕುವವರನ್ನು ತಡೆಯಲು ಮನೆಯವರೇ ಇರಬೇಕು.

ಗಾಜಿನ ಬಿರಡೆ ಕಚ್ಚಿಕೊಂಡಿದ್ದರೆ ತಿರುಚಬಾರದು, ಕೊರಳು ಮುರಿಯುತ್ತದೆ. ಸಂದಿಗೆ ಒಂದೆರಡು ತೊಟ್ಟು ಎಣ್ಣೆ ಬಿಟ್ಟು ನಾಲ್ಕಾರು ದಿನ ಕಾಯಬೇಕು. ಬಿಚ್ಚಿದ ಮೇಲೆ ಬಿರಡೆಯನ್ನು ಬೇರೆಡೆ ಇಡಬಾರದು. ಒಳ್ಳೆಯ ಕಾರ್ಖಾನೆಗಳಲ್ಲಿ ಪ್ರತಿ ಬಿರಡೆಯನ್ನೂ ಅದರದೇ ಸೀಸೆಗೆ ಉಜ್ಜಿ ಕೂರಿಸಿ, ಎರಡಕ್ಕೂ ಒಂದೇ ಅಂಕಿ ಕೆತ್ತುತ್ತಿದ್ದರು. ಅಂಕಿ ಬಲು ಸಣ್ಣದು, ಬಿಸಿಲಿಗೆ ಹಿಡಿದು ಓರೆ ಮಾಡಿದರೆ ಕಾಣುತ್ತದೆ.