ಸಾಬೂನು ನೀರೋ, ಉಪ್ಪು ನೀರೋ?

ಕೈಗೆ ಕೆಸರು ಮೆತ್ತಿದರೆ ನಾವು ಸಾಬೂನು ಹಚ್ಚಿ ತೊಳೆಯುತ್ತೇವೆ. ಬರಿಯ ನೀರಿಗಿಂತ ಸಾಬೂನು ಕೊಳೆಯನ್ನು ಚೆನ್ನಾಗಿ ಬಿಡಿಸುತ್ತದೆಂಬುದು ಮಕ್ಕಳಿಗೂ ತಿಳಿದ ಸಂಗತಿ. ಹಾಗಾದರೆ ರಸ್ತೆಯ ಅಪಘಾತದಲ್ಲಿ ಒಬ್ಬನ ಕಾಲು ಮುರಿದು, ಮೂಳೆ ಚರ್ಮವನ್ನು ಸೀಳಿಕೊಂಡು ಹೊರಬಂದು, ಗಾಯದೊಳಗೆ ಮಣ್ಣು ಹೊಕ್ಕಿರುವಾಗ ಅದನ್ನು ಯಾವುದರಿಂದ ತೊಳೆಯಬೇಕು? ಪ್ರಶ್ನೆಯೇನೋ ಸುಲಭವೆಂದು ತೋರುತ್ತದೆ. ಆದರೆ ಇದಕ್ಕೆ ನಂಬತಕ್ಕ ಉತ್ತರ ದೊರೆತುದು 2015ರಲ್ಲಿ. ದೊರೆತ ಉತ್ತರವೂ ನಾವು ಊಹಿಸುವಂತಹುದಾಗಿರಲಿಲ್ಲ.

ಮೂಳೆಯ ಮುರಿತದಲ್ಲಿ ಎರಡು ಬಗೆಗಳುಂಟು. ಚರ್ಮ ಹರಿಯದೆ ಒಳಗೇ ಮೂಳೆ ಮುರಿದರೆ ಅದು ಮುಚ್ಚಿದ ಮುರಿತ. ಇಲ್ಲಿ ಮುರಿದ ತುದಿಗಳ ಸುತ್ತ ರಕ್ತ ಹೆಪ್ಪುಗಟ್ಟುತ್ತದೆ. ಅಲ್ಲಿ ಮೊದಲು ಮೃದುವಾದ ಬೆಸುಗೆಯೊಂದು ಬೆಳೆದು, ಕ್ರಮೇಣ ಗಟ್ಟಿಯಾಗಿ, ಮತ್ತೆ ಮೂಳೆಯೇ ಆಗುತ್ತದೆ. ಚರ್ಮವೂ ಹರಿದು ಗಾಯವು ಮೂಳೆಯವರೆಗೆ ತೆರೆದುಕೊಂಡರೆ ಅದು ತೆರೆದ ಮುರಿತ. ಕೋಟೆಯ ಗೋಡೆ ಒಡೆದಂತೆ ಚರ್ಮ ಒಡೆದಲ್ಲಿ ಮಣ್ಣಿನೊಡನೆ ರೋಗಾಣುಗಳು ಒಳನುಗ್ಗುತ್ತವೆ. ಮುರಿದ ತುಣುಕುಗಳಿಗೆ ರಕ್ತದ ಪೂರೈಕೆ ಕಡಮೆಯಾದ್ದರಿಂದ ಶರೀರದ ರಕ್ಷಕ ಕಣಗಳೂ ಔಷಧಿಯೂ ಅಲ್ಲಿಗೆ ತಲಪುವುದು ಕಷ್ಟ. ಕೀವು ತುಂಬಿದರೆ ಮೂಳೆ ಕೂಡಿಕೊಳ್ಳುವುದಿಲ್ಲ. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕೆಲವೊಮ್ಮೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಹಿಂದಿನ ಕಾಲದಲ್ಲಿ ಇಂತಹ ಗಾಯವಾದವನ ಪ್ರಾಣ ಉಳಿಸಲು ವೈದ್ಯರು ಅನೇಕ ವೇಳೆ ಅಂಗವನ್ನೇ ಕತ್ತರಿಸುತ್ತಿದ್ದರು. 1865ರ ಆಗಸ್ಟ್ ತಿಂಗಳಲ್ಲಿ ಗ್ಲ್ಯಾಸ್ಗೋ ನಗರದ ಆಸ್ಪತ್ರೆಗೆ, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಬಾಲಕನೊಬ್ಬನನ್ನು ಕರೆತಂದರು. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾಲನ್ನು ಕತ್ತರಿಸಲಿಲ್ಲ. ಕಾರ್ಬಾಲಿಕ್ ಆಮ್ಲದಲ್ಲಿ ತೊಯ್ಸಿದ ಬಟ್ಟೆಯನ್ನು ಗಾಯಕ್ಕೆ ಕಟ್ಟಿದನು. ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿತು. 1867ರಲ್ಲಿ ಅವನು ಪ್ರಕಟಿಸಿದ ಹನ್ನೊಂದು ರೋಗಿಗಳ ವಿವರದಲ್ಲಿ ಒಬ್ಬನು ಸತ್ತಿದ್ದನು, ಒಬ್ಬನು ಅಂಗವನ್ನು ಕಳೆದುಕೊಂಡಿದ್ದನು. ಉಳಿದ ಒಂಬತ್ತು ಮಂದಿ ಅಂಗಸಮೇತ ಗುಣಹೊಂದಿದ್ದರು.

ಇಂದು ತೆರೆದ ಮುರಿತಕ್ಕೆ ಆದಷ್ಟು ಬೇಗ ಆಂಟಿಬಯೋಟಿಕ್ ಔಷಧಿ ಕೊಡುತ್ತಾರೆ. ಬಳಿಕ ಗಾಯವನ್ನು ಲೀಟರುಗಟ್ಟಲೆ ದ್ರವದಿಂದ ತೊಳೆದು, ಸತ್ತ ಮಾಂಸವನ್ನು ತೆಗೆದು, ಮೂಳೆ ಅಲುಗದಂತೆ ನಿಲ್ಲಿಸುತ್ತಾರೆ. ತೊಳೆಯಬೇಕೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹೇಗೆ ತೊಳೆಯಬೇಕೆಂಬುದರಲ್ಲಿಯೇ ಭಿನ್ನಾಭಿಪ್ರಾಯ. ಸಾಬೂನು ರೋಗಾಣುಗಳನ್ನು ಬಿಡಿಸೀತೆಂದು ಕೆಲವರು. ಶುದ್ಧವಾದ ಉಪ್ಪು ನೀರೇ ಸಾಕೆಂದು ಕೆಲವರು. ಯಂತ್ರದ ಮೂಲಕ ರಭಸದಿಂದ ಚಿಮ್ಮಿಸಿದರೆ ಕೊಳೆ ಹೋದೀತೆಂದು ಒಂದು ಪಕ್ಷ. ರಭಸದಿಂದ ಕೊಳೆ ಇನ್ನೂ ಒಳಕ್ಕೆ ಸೇರಿ ಮೂಳೆಗೂ ಮಾಂಸಕ್ಕೂ ಪೆಟ್ಟಾದೀತೆಂದು ಮತ್ತೊಂದು ಪಕ್ಷ.

ಈ ವಾದವನ್ನು ತೀರಿಸಲು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಮೋಹಿತ್ ಭಂಡಾರಿ ಮತ್ತು ಅವರ ಸಂಗಡಿಗರು ‘ಫ್ಲೋ’ ಎಂಬ ದೊಡ್ಡ ಪರೀಕ್ಷೆಯನ್ನು ಕೈಗೊಂಡರು. ಕೆನಡಾ, ಅಮೆರಿಕ, ಆಸ್ಟ್ರೇಲಿಯ, ನಾರ್ವೆ ಮತ್ತು ಭಾರತ ದೇಶಗಳ 41 ಚಿಕಿತ್ಸಾ ಕೇಂದ್ರಗಳು ಇದರಲ್ಲಿ ಸೇರಿದ್ದವು. 2,447 ರೋಗಿಗಳು ಲೆಕ್ಕಕ್ಕೆ ಬಂದರು. ಯಾರಿಗೆ ಯಾವ ದ್ರವ, ಎಷ್ಟು ರಭಸ ಎಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಿದರು. ಇದೇಕೆ? ಇಚ್ಛೆಗೆ ಬಿಟ್ಟರೆ ವೈದ್ಯನು ಕಠಿಣವಾದ ಗಾಯಗಳಿಗೆಲ್ಲ ತನಗೆ ಮೆಚ್ಚಿದ ವಿಧಾನವನ್ನೇ ಬಳಸಿಯಾನು. ಆಗ ಫಲದ ಅಂತರವು ವಿಧಾನದಿಂದ ಬಂದಿತೋ ಗಾಯದಿಂದ ಬಂದಿತೋ ತಿಳಿಯದು. ದ್ರವ ಎರಡು ಬಗೆ, ರಭಸ ಮೂರು ಬಗೆ. ಹೀಗೆ ಆರು ಗುಂಪುಗಳಾದವು. ಹನ್ನೆರಡು ತಿಂಗಳೊಳಗೆ ಸೋಂಕಿಗಾಗಿಯೋ, ಗಾಯ ಅಥವಾ ಮೂಳೆ ಕೂಡದುದಕ್ಕಾಗಿಯೋ ಎಷ್ಟು ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತೆಂಬುದೇ ಒರೆಗಲ್ಲು.

ಫಲಿತಾಂಶವನ್ನು ನೋಡೋಣ. ಹೆಚ್ಚು ರಭಸದ ಗುಂಪಿನಲ್ಲಿ ಶೇಕಡ 13.2, ಕಡಮೆ ರಭಸದಲ್ಲಿ 12.7, ಅತಿ ಕಡಮೆ ರಭಸದಲ್ಲಿ 13.7 ಮಂದಿಗೆ ಮರುಚಿಕಿತ್ಸೆ ಬೇಕಾಯಿತು. ಇವುಗಳ ನಡುವೆ ಗಣನೀಯ ವ್ಯತ್ಯಾಸವಿಲ್ಲ. ದ್ರವದಲ್ಲಿ ಮಾತ್ರ ವ್ಯತ್ಯಾಸ ಕಂಡಿತು: ಉಪ್ಪು ನೀರಿನ ಗುಂಪಿನಲ್ಲಿ ಶೇಕಡ 11.6, ಸಾಬೂನು ನೀರಿನ ಗುಂಪಿನಲ್ಲಿ 14.8. ಎಂದರೆ, ಸಾಬೂನು ಬಳಸಿದ ಪ್ರತಿ ನೂರು ಮಂದಿಯಲ್ಲಿ ಸುಮಾರು ಮೂವರು ಹೆಚ್ಚಾಗಿ ಮತ್ತೆ ಶಸ್ತ್ರವೈದ್ಯನ ಮೇಜನ್ನು ಏರಬೇಕಾಯಿತು. ಕೈಯ ದಪ್ಪ ಚರ್ಮಕ್ಕೆ ಹಿತವಾದುದು ತೆರೆದ ಮಾಂಸಕ್ಕೂ ಹಿತವಾಗಬೇಕೆಂಬ ನಿಯಮವಿಲ್ಲ.

ಈ ಫಲದಲ್ಲಿ ಬಡ ದೇಶಗಳಿಗೆ ದೊಡ್ಡ ಸಮಾಧಾನವುಂಟು. ಅತಿ ಕಡಮೆ ರಭಸವೆಂದರೆ ಎತ್ತರದಲ್ಲಿ ತೂಗುಹಾಕಿದ ಚೀಲದಿಂದ ತನ್ನ ಭಾರಕ್ಕೆ ತಾನೇ ಇಳಿಯುವ ದ್ರವದ ವೇಗ. ಇದಕ್ಕೆ ಬೆಲೆಬಾಳುವ ಯಂತ್ರ ಬೇಡ. ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿ, ರೋಗಾಣುರಹಿತವಾಗಿ ಸಿದ್ಧಪಡಿಸಿದ ದ್ರವ ಸಣ್ಣ ಆಸ್ಪತ್ರೆಗಳಲ್ಲಿಯೂ ಇರುತ್ತದೆ. ಆದರೆ ಇದನ್ನೋದಿ ಯಾರೂ ಮನೆಯಲ್ಲಿ ಇಂತಹ ಗಾಯವನ್ನು ತೊಳೆಯಲು ಹೊರಡಬಾರದು. ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳದೆ, ಶುಚಿಯಾದ ಬಟ್ಟೆ ಮುಚ್ಚಿ, ಕಾಲು ಅಲುಗದಂತೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯುವುದಷ್ಟೇ ನಮ್ಮ ಕೆಲಸ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸಾಬೂನು ಕೊಳೆಯನ್ನು ಬಿಡಿಸುವುದು ನಮಗೆ ನಿತ್ಯ ಪ್ರತ್ಯಕ್ಷ. ಆದರೂ ಪ್ರಮಾಣಿಸಿ ನೋಡಿದ ಮೇಲೆಯೇ ಉಪ್ಪು ನೀರು ಮೇಲೆಂದು ತಿಳಿಯಿತು. ಹಾಗೆ ತಿಳಿಯಲು ಸಾಧ್ಯವಾದುದು, ಸ್ವತಃ ನೋವಿನಲ್ಲಿದ್ದರೂ ಪರೀಕ್ಷೆಗೆ ಒಪ್ಪಿದ ಆ ಎರಡು ಸಾವಿರಕ್ಕೂ ಮಿಕ್ಕ ರೋಗಿಗಳಿಂದ. ಮುಂದೆ ಗಾಯಗೊಳ್ಳುವ ಪ್ರತಿಯೊಬ್ಬನೂ ಅವರಿಗೆ ಋಣಿ.